ಗೇಣುದ್ದ ಬಿಟ್ಟ ಕೌದಿ

ಆ ಶನಿವಾರ ಮಾಡಿದ ಕೆಲಸಗಳು: ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿದ್ದು. ಹುಡುಗಿಯರಿಬ್ಬರಿಗೂ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು. ಅವರನ್ನು ಲಿಂಗಂಪಲ್ಲಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಲೋಕಲ್ ರೈಲು ಎಷ್ಟು ನಿಮಿಷ ನಿಂತು ಹೊರಡುತ್ತದೆಂದು ಗಡಿಯಾರ ನೋಡಿ ಬರೆಸಿದ್ದು. ಬರುವಾಗ ಕರಿಬೇವು, ಅರ್ಧ ಕಿಲೋ ಬೆಂಡೆಕಾಯಿ. ನಡುಮನೆಯಲ್ಲಿ ಬಿದ್ದ ಬಣ್ಣದ ಕಾಗದದ ಚೂರು ಗುಡಿಸಿದ್ದು. ಸೂಜಿ ದಾರದ ಡಬ್ಬಿ ಒರೆಸಿ, ಅದರಲ್ಲಿದ್ದ ಒಣಗಿದ ರೊಟ್ಟಿ ಚೂರನ್ನು ಇರುವೆ ಬಂದಾವೆಂದು ಎಸೆದದ್ದು. ದೊಡ್ಡವಳ ಕೌದಿಯಲ್ಲಿ ಉಳಿದಿದ್ದ ಗೇಣುದ್ದ ಹೊಲಿಗೆ ಮುಗಿಸಿದ್ದು.

ಕೊನೆಯ ಎರಡು ಕೆಲಸಗಳನ್ನು ನಾನು ಮಾಡಬಾರದಿತ್ತು.

ದೊಡ್ಡವಳಿಗೆ ಆಗ ಒಂಬತ್ತು ವರ್ಷ, ಚಿಕ್ಕವಳಿಗೆ ಐದು. ಮೈಸೂರಿನಿಂದ ನಾವು ಹೈದರಾಬಾದಿಗೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಬಂಡೆಯಿದ್ದಲ್ಲಿ ಸಂಜೆಗೆ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಶಾಲೆಗಳೂ ಹಾಗೇ ಎದ್ದವು. ದೊಡ್ಡವಳನ್ನು ಹಾಕಿದ್ದ ಶಾಲೆಯಲ್ಲಿ ಏಸಿ ಬಸ್ಸಿತ್ತು, ಕುದುರೆ ಸವಾರಿಯಿತ್ತು, ಮೂರನೇ ಕ್ಲಾಸಿನವರಿಗೆ ಟೈ ಕಟ್ಟಿಸಿ ಲೀಡರ್‌ಶಿಪ್ ಹೇಳಿಕೊಡುತ್ತಿದ್ದರು. ನಲವತ್ತು ಮಕ್ಕಳೂ ಲೀಡರಾದರೆ ಅವರ ಹಿಂದೆ ನಡೆಯುವವರು ಯಾರು ಎಂದು ಕೇಳಿದ್ದಕ್ಕೆ ಅಲ್ಲಿಯ ಮೇಡಂ ನನ್ನನ್ನು ಕನಿಕರದಿಂದ ನೋಡಿದರು. ನನ್ನ ಮಗಳ ಬಗ್ಗೆ ಅವರು ತಿಂಗಳು ತಿಂಗಳೂ ಒಂದೇ ಮಾತು ಬರೆದು ಕಳಿಸುತ್ತಿದ್ದರು: ಯಾವುದನ್ನೂ ಪೂರ್ತಿ ಮುಗಿಸುವುದಿಲ್ಲ. ಲೆಕ್ಕ ಅರ್ಧ, ಚಿತ್ರ ಅರ್ಧ, ಡಬ್ಬಿಯ ಊಟವೂ ಅರ್ಧ. ಬಿಡಿಸಿ ಮನೆಯಲ್ಲೇ ಕೂರಿಸಿಕೊಂಡೆ.

ನಮ್ಮ ಯಜಮಾನರು ಒಂದು ವರ್ಷಕ್ಕೆಂದು ಒಪ್ಪಿದ್ದರು. ವರ್ಷ ತುಂಬಿದ ವಾರ, ಕಿರಿಯ ನೌಕರರ ಜೊತೆ ಮಾತಾಡುವ ದನಿಯಲ್ಲಿ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ಶನಿವಾರ ಸಂಜೆಯೊಳಗೆ ನೀನೇ ಪೂರ್ತಿ ಮುಗಿಸಿದ ಒಂದೇ ಒಂದು ವಸ್ತು ತೋರಿಸು. ಇಲ್ದಿದ್ರೆ ಸೋಮವಾರ ಸ್ಕೂಲಿನ ಫಾರ್ಮ್ ತುಂಬೋದು, ಅಷ್ಟೆ."

ಅದೇ ಶಾಲೆಯ ಫಾರ್ಮು. ಫ್ರಿಡ್ಜಿನ ಬಾಗಿಲಿಗೆ ಅನಾನಸ್ ಆಕಾರದ ಅಯಸ್ಕಾಂತ ಒತ್ತಿ ತೂಗುಹಾಕಿದರು. ಅವರ ಆಫೀಸಿನಲ್ಲಿ ನಾನು ಕಂಡಂತೆ ಯಾವುದೂ ಮುಗಿದದ್ದಿಲ್ಲ. ಒಂದು ಸಾಫ್ಟ್‌ವೇರಿಗೆ ಹೊಸ ನಂಬರು ಕೊಟ್ಟು ಕೇಕ್ ಕತ್ತರಿಸುತ್ತಿದ್ದರು. ಮರುದಿನದಿಂದ ಅದರ ತಪ್ಪು ತಿದ್ದಲು ಕೂರುತ್ತಿದ್ದರು. ಆದರೆ ಆ ಅರ್ಧಗಳಿಗೆ ಹುದ್ದೆಯಿತ್ತು. ಮಗಳ ಅರ್ಧಗಳಿಗೆ ಹುದ್ದೆಯಿರಲಿಲ್ಲ.

ಮನೆಯಲ್ಲಿ ಓದಿಸುವ ತಾಯಂದಿರ ಗುಂಪೊಂದಿತ್ತು, ಆರು ಮನೆಯವರದು. ನಾನೂ ಹೋಗುತ್ತಿದ್ದೆ. ಸನತ್‌ನಗರದ ಸಣ್ಣ ವರ್ಕ್‌ಶಾಪೊಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು, ಸ್ಪ್ರಿಂಗ್ ಮಾಡುವುದನ್ನು ತೋರಿಸಲು. ಅಲ್ಲಿಯ ಮುದುಕ ತಂತಿಯನ್ನು ಸುತ್ತಿ ತೋರಿಸುತ್ತಿದ್ದರೆ ತಾಯಂದಿರು ಫೋಟೋ ತೆಗೆದರು. ಮಕ್ಕಳು ಒಬ್ಬರಾದ ಮೇಲೊಬ್ಬರು ಒಂದಕ್ಕೆ ಹೋಗಬೇಕೆಂದರು. ವಾಪಸು ಬಂದ ಮೇಲೆ ತಾಯಂದಿರೇ ಕೂತು 'ನಾನು ಕಲಿತದ್ದು' ಎಂಬ ಚಾರ್ಟು ಬರೆದು ಲ್ಯಾಮಿನೇಷನ್ ಮಾಡಿಸಿದರು. ಒಬ್ಬಾಕೆ ತನ್ನ ಮಗಳು ಮಾಡಿದ್ದೆಂದು ಥರ್ಮಾಕೋಲಿನ ಗೋಲ್ಕೊಂಡ ಕೋಟೆ ತಂದಿಟ್ಟಿದ್ದಳು. ಕಿಟಕಿಕಿಟಕಿಗೂ ಕಂಬಿ. ಕೆಳಗೆ ಚಪ್ಪಾಳೆ ತಟ್ಟಿದರೆ ಮೇಲೆ ಕೇಳಿಸುತ್ತದಲ್ಲ, ಆ ಜಾಗ ಇದರಲ್ಲಿ ಎಲ್ಲಿ ಎಂದು ಆ ಹುಡುಗಿಯನ್ನು ಕೇಳಿದೆ. ಹುಡುಗಿ ಅಮ್ಮನ ಮುಖ ನೋಡಿದಳು. "ಎಲ್ಲಾ ಅವಳದೇ ಐಡಿಯಾ, ನಾನು ಗಮ್ ಹಚ್ಚಿದೆ ಅಷ್ಟೆ," ಎಂದಳು ಅಮ್ಮ. ಆಕೆಯ ಬೆರಳುಗಳಿಗೆಲ್ಲ ಬಿಸಿ ಗಮ್ಮಿನಿಂದ ಸುಟ್ಟ ಗಾಯದ ಪಟ್ಟಿ ಇತ್ತು. ಮನೆಗೆ ಬಂದು ಯಜಮಾನರೆದುರು ಆಕೆಯ ನಟನೆ ಮಾಡಿ ನಕ್ಕಿದ್ದೆ.

ನನ್ನ ಮಗಳು ನಿಜವಾಗಿ ಕಲಿತದ್ದು ಗುಂಪಿನಲ್ಲಲ್ಲ, ನಮ್ಮ ಅಪಾರ್ಟ್‌ಮೆಂಟಿನ ಎದುರು ಏಳುತ್ತಿದ್ದ ಕಟ್ಟಡದ ಶೆಡ್ಡಿನಲ್ಲಿ. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಅಲ್ಲಿದ್ದಳು, ಐವತ್ತರ ಆಚೀಚೆ. ಮಕ್ಕಳಿಗೆ ಆಯಿ. ಹಗಲೆಲ್ಲ ಇಟ್ಟಿಗೆ ಹೊತ್ತು, ಸಂಜೆ ಶೆಡ್ಡಿನ ಮುಂದೆ ಹಳೇ ಸೀರೆ ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ದೊಡ್ಡವಳು ನೋಡುತ್ತ ನಿಂತವಳು ಕೂತಳು, ಕೂತವಳು ಸೂಜಿ ಕೇಳಿದಳು. ನನ್ನ ಮೂರು ಹಳೇ ಸೀರೆ ಹೋದವು. ನಾಲ್ಕು ತಿಂಗಳಲ್ಲಿ ಅವಳು ಹನ್ನೆರಡರ ಮಗ್ಗಿಯನ್ನು ಬಟ್ಟೆಯ ಚೌಕಗಳಲ್ಲೇ ಎಣಿಸಿ ಕಲಿತಳು. ಮನೆಯಲ್ಲಿ "ಭಾಳ ಹಸಿವಾಗೈತಿ" ಎನ್ನತೊಡಗಿದಳು. ಯಜಮಾನರು ಹುಬ್ಬು ಗಂಟಿಕ್ಕಿದರು. ಕನ್ನಡವೇ ತಾನೇ ಎಂದೆ.

ಕೌದಿ ಮುಗಿಯುತ್ತ ಬಂದಿತ್ತು. ಒಂದು ಮೂಲೆಯಲ್ಲಿ ಗೇಣುದ್ದ ಅಂಚು ಮಾತ್ರ ತೆರೆದಿತ್ತು. ಆ ಹೊತ್ತಿಗೆ ಮೇಸ್ತ್ರಿ ಆಯಿಯನ್ನು ನಾಲ್ಕು ದಿನದ ಕೆಲಸಕ್ಕೆ ಊರಿನ ಇನ್ನೊಂದು ತುದಿಯ ಕುಷಾಯಿಗೂಡಕ್ಕೆ ಕಳಿಸಿದ. ಹೊರಟ ದಿನದಿಂದ ಹುಡುಗಿ ಸೂಜಿ ಮುಟ್ಟಲಿಲ್ಲ.

"ಮುಗಿಸ್ಬಿಡೇ, ಗೇಣುದ್ದ ತಾನೇ ಇರೋದು."

"ಆಯಿ ಬರ್ಲಿ."

"ಆಯಿ ಬಂದು ಏನು ಮಾಡ್ಬೇಕು? ಸೂಜಿ ನಿನ್ನ ಕೈಲೇ ಇದೆಯಲ್ಲ."

"ಬರ್ಲಿ ಅಂದ್ನಲ್ಲ."

ಅದೇ ಹಳೇ ಕಾಯಿಲೆ ಎಂದುಕೊಂಡೆ. ಗುರುವಾರ ಹೇಳಿದೆ, ಶುಕ್ರವಾರ ಹೇಳಿದೆ. ಶನಿವಾರ ಮಧ್ಯಾಹ್ನ ಅವಳು ಕೆಳಗೆ ಆಡಲು ಹೋದಾಗ ಫ್ರಿಡ್ಜಿನ ಬಾಗಿಲ ಮೇಲಿನ ಫಾರ್ಮು ನೋಡಿದೆ, ಗಡಿಯಾರ ನೋಡಿದೆ, ಸೂಜಿ ಡಬ್ಬಿ ತೆಗೆದೆ. ಹತ್ತು ನಿಮಿಷದ ಕೆಲಸ. ಚಿಕ್ಕವಳು ನೆಲದ ಮೇಲೆ ರೈಲು ಡಬ್ಬಿಗಳ ಚಿತ್ರ ಬರೆಯುತ್ತಿದ್ದಳು. ಅವಳು ನೋಡುತ್ತಿದ್ದಾಳೆಂದು ನಾನು ಎಣಿಸಲಿಲ್ಲ.

ನಾಲ್ಕೂವರೆಗೆ ದೊಡ್ಡವಳು ಬಂದು ಕೌದಿಯ ಮೂಲೆ ಎತ್ತಿ ನೋಡಿದಳು. ಅವಳ ಹೊಲಿಗೆ ಜೋಳದ ಕಾಳಿನಷ್ಟು ಉದ್ದ, ಸೊಟ್ಟ. ನನ್ನದು ಸಣ್ಣ, ನೇರ.

"ಅಮ್ಮ ಹೊಲಿದ್ಲು," ಎಂದಳು ಚಿಕ್ಕವಳು, ಯಾರೂ ಕೇಳದಿದ್ದರೂ. "ಮಂಚದ ಮೇಲೆ ಕೂತ್ಕೊಂಡು ಬೇಗ ಬೇಗ."

ದೊಡ್ಡವಳು ಡಬ್ಬಿ ತೆಗೆದಳು. "ರೊಟ್ಟಿ ಎಲ್ಲಿ?"

"ಯಾವ ರೊಟ್ಟಿ? ಆ ಒಣಕಲು ಚೂರಾ? ಎಸೆದೆ ಕಣೇ."

"ಅದು ಇದರ ಊಟ. ಹೊಟ್ಟೆ ತುಂಬಿಸದೇ ಬಾಯಿ ಹೊಲಿದುಬಿಟ್ಯಾ?"

ಆಗ ಗೊತ್ತಾಯಿತು. ಆಯಿಯ ಊರಿನಲ್ಲಿ ಕೌದಿಯನ್ನು ಸುಮ್ಮನೆ ಮುಚ್ಚುವುದಿಲ್ಲ. ಕೊನೆಯ ಮೂಲೆಯೊಳಗೆ ರೊಟ್ಟಿ ಚೂರು, ನಾಲ್ಕು ಕಾಳು ಹಾಕಿ ಆಮೇಲೆ ಹೊಲಿಯುತ್ತಾರೆ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ. ಆಯಿ ಹೊರಡುವಾಗ ತನ್ನ ಗಂಟಿನ ರೊಟ್ಟಿ ಮುರಿದು ಕೊಟ್ಟು, ತಾನು ಬರುವ ತನಕ ಮುಚ್ಚಬೇಡ ಎಂದಿದ್ದಳಂತೆ. ಮೈಸೂರಿನವಳಾದ ನನಗೆ ಕೌದಿಯೆಂದರೆ ದಪ್ಪ ಹೊದಿಕೆ, ಮುಗಿಯಿತು.

ಹುಡುಗಿ ಚಿಕ್ಕ ಕತ್ತರಿ ತಂದು ನನ್ನ ಹೊಲಿಗೆ ಬಿಚ್ಚಲು ಕೂತಳು.

"ಅಪ್ಪ ಬರೋ ಹೊತ್ತಾಯ್ತು. ಹಾಗೇ ಇರ್ಲಿ ಬಿಡು. ಸೋಮವಾರ ಏನು ಅಂತ ಗೊತ್ತಲ್ಲ."

"ಗೊತ್ತು," ಎಂದಳು, ತಲೆ ಎತ್ತಲಿಲ್ಲ.

ನನ್ನ ದಾರದ ತುಂಡುಗಳು ನೆಲದ ಮೇಲೆ ಒಂದೊಂದಾಗಿ ಬಿದ್ದವು. ಗೋಲ್ಕೊಂಡದವಳನ್ನು ನೋಡಿ ಅಷ್ಟು ನಕ್ಕಿದ್ದೆ. ಆಕೆ ಕೊನೇ ಪಕ್ಷ ಬೆರಳು ಸುಟ್ಟುಕೊಂಡಿದ್ದಳು, ಮಗಳ ಎದುರೇ ಅಂಟಿಸಿದ್ದಳು. ನಾನು ಮಗಳು ಆಡಲು ಹೋದದ್ದು ನೋಡಿ ಕದ್ದು ಹೊಲಿದಿದ್ದೆ.

ಏಳಕ್ಕೆ ಯಜಮಾನರು ಬಂದರು. ಶೂ ಬಿಚ್ಚುವ ಮೊದಲೇ ಕೌದಿ ಎತ್ತಿದರು, ತೆರೆದ ಮೂಲೆಗೆ ಬೆರಳು ತೂರಿಸಿದರು. "ಇದೇನಿದು, ಮತ್ತೆ ನೈಂಟಿ ಪರ್ಸೆಂಟಾ?"

ಹುಡುಗಿ ನೆಲದ ಮೇಲಿನ ದಾರದ ತುಂಡುಗಳನ್ನು ಆಯತೊಡಗಿದಳು. ನನ್ನ ಕಡೆ ನೋಡಲೂ ಇಲ್ಲ.

"ಮಧ್ಯಾಹ್ನ ನೂರಾಗಿತ್ತು ರೀ," ಎಂದೆ. "ಮಾಡಿದ್ದು ನಾನು. ನಿಮಗೆ ತೋರಿಸಿ ಪಾಸ್ ಮಾಡಿಸೋಣ ಅಂತ. ಅವಳು ಕೂತು ಬಿಚ್ಚಿಹಾಕಿದಳು."

ಅವರು ಒಂದು ಶೂ ಬಿಚ್ಚಿ, ಇನ್ನೊಂದನ್ನು ಹಾಕಿಕೊಂಡೇ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಬಾಗಿಲಲ್ಲಿ ಆಯಿ ಬಂದು ನಿಂತಿದ್ದಳು, ಕೈಯಲ್ಲಿ ರೊಟ್ಟಿಯ ಗಂಟು. ಕೈ ತೊಳೆದಿದ್ದಳು, ಮಣಿಕಟ್ಟಿನಿಂದ ಮೊಳಕೈವರೆಗೆ ಸಿಮೆಂಟು ಹಾಗೇ ಇತ್ತು.

"ಏನ್ರಿ ಸಾಹೇಬ್ರ, ಭಾಳ ಗರಂ ಅದೀರಿ?"

"ಇವಳು ಯಾವುದನ್ನೂ ಮುಗಿಸಲ್ಲ ನೋಡಿ."

"ತಡಾ ಮಾಡಿದಾಕಿ ನಾನರಿ. ಮೇಸ್ತ್ರಿ ಬಿಡ್ಲಿಲ್ಲ. ಹುಡುಗಿಗ್ಯಾಕ ಅಂತೀರಿ?" ಆಯಿ ಕಿಟಕಿಯ ಕಡೆ ಗದ್ದ ತೋರಿಸಿದಳು. "ಆ ಬಿಲ್ಡಿಂಗ್ ಎರಡು ವರ್ಷಾತು ಕಟ್ಟಾಕತ್ತೀವಿ. ಮುಗದೈತೇನ್ರಿ? ಗ್ವಾಡಿ ಹಸಿ ಇದ್ದಾಗನ ನಿಮ್ಮಂಥಾವ್ರು ಬಂದು ಕಂಪ್ಯೂಟರ್ ಇಟ್ಟು ಕುಂತಾರ. ಅವ್ರಿಗ್ಯಾರೂ ಕೇಳಂಗಿಲ್ಲ."

ಅದು ಇವರ ಕಂಪನಿಯೇ ಬಾಡಿಗೆಗೆ ಹಿಡಿದ ಕಟ್ಟಡ. ಇವರು ಇನ್ನೊಂದು ಶೂ ಬಿಚ್ಚಿದರು.

"ಈಗ ಉಣಸೂಣು ಬಾ ಮಗಾ," ಎಂದು ಆಯಿ ನೆಲಕ್ಕೆ ಕೂತಳು. ರೊಟ್ಟಿಯ ತುದಿ ಮುರಿದಳು, ಸೆರಗಿನ ಗಂಟಿನಿಂದ ನಾಲ್ಕು ಜೋಳದ ಕಾಳು ತೆಗೆದಳು. ಚಿಕ್ಕವಳು ಬೆಲ್ಲದ ಚೂರು ತಂದಳು. ಎಲ್ಲವನ್ನೂ ಮೂಲೆಯೊಳಗೆ ತಳ್ಳಿ ದೊಡ್ಡವಳು ಹೊಲಿಯತೊಡಗಿದಳು. ನನಗೆ ಹತ್ತು ನಿಮಿಷ ಹಿಡಿದದ್ದು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಇವರು ಮೂರು ಸಲ "ಆಯ್ತಾ?" ಎಂದರು. "ಉಣ್ಣೂ ಮುಂದ ಗಡಬಡಿಸಬಾರದ್ರಿ," ಎಂದಳು ಆಯಿ.

ಮುಗಿದ ಮೇಲೆ ಹಲ್ಲಿನಿಂದ ದಾರ ಕಡಿದು ಅಪ್ಪನ ಮುಂದೆ ಹಿಡಿದಳು. ಇವರು ತಿರುವಿ ಮುರುವಿ ನೋಡಿದರು.

"ಹೊಲಿಗೆ ಸೊಟ್ಟ ಇದೆ."

"ಹ್ಞೂಂ, ಇದೆ," ಎಂದಳು. "ಆದ್ರೆ ಮುಗೀತು."

ಇವರು ಎದ್ದು ಫ್ರಿಡ್ಜಿನಿಂದ ಫಾರ್ಮು ತೆಗೆದರು. ಹಿಂಬದಿಯ ತುಂಬ ಚಿಕ್ಕವಳು ರೈಲು ಡಬ್ಬಿ ಬರೆದು, ಮತ್ತೆ ಅನಾನಸ್ಸಿನಡಿ ಸಿಕ್ಕಿಸಿದ್ದಳು. "ಇದನ್ನ ಸ್ಕೂಲಿಗೆ ಕೊಡೋಕಾಗುತ್ತಾ?" ಎಂದು ನನ್ನ ಕೈಗಿತ್ತರು. "ಮುಂದಿನ ವರ್ಷ ನೋಡೋಣ." ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಮಗಳಿಗೆ ನಾನೂ ಆ ದಿನ ಹೇಳಲಿಲ್ಲ. ಭಾನುವಾರ ಇಡ್ಲಿ ಬಡಿಸುವಾಗ ಹೇಳಿದೆ. ಚಟ್ನಿ ಹಾಕು ಎಂದಳು.

ಆ ಶನಿವಾರ ರಾತ್ರಿಯ ಊಟಕ್ಕೆ ಅನ್ನ, ಬೆಂಡೆಕಾಯಿ ಗೊಜ್ಜು, ಮಜ್ಜಿಗೆ. ಆಯಿ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಹುಡುಗಿಯರ ಪಾಲಾಯಿತು, ಅನ್ನ ಆಯಿಯ ಪಾಲಾಯಿತು. ಮೊದಲು ಮಲಗಿದವರು ಯಜಮಾನರು, ಒಂಬತ್ತಕ್ಕೇ, ಬೆಚ್ಚಗಿದೆಯೋ ಇಲ್ಲವೋ ಪರೀಕ್ಷೆ ಮಾಡುತ್ತೇನೆಂದು ಕೌದಿ ಹೊದ್ದು ಅಡ್ಡಾದವರು. ಮೊಳಕಾಲಿನಿಂದ ಕೆಳಗೆ ಅದು ಸಾಲಲಿಲ್ಲ.