ಕರೆಂಟ್ ಹೋದರೂ ನಿಲ್ಲದ ಧಾರಾವಾಹಿ

ಆಗೆಲ್ಲ ನಮ್ಮ ಮಾದಿಹಳ್ಳಿಯಲ್ಲಿ ಧಾರಾವಾಹಿ ನೋಡಿದವರು ನೋಡದವರಿಗೆ ಕಥೆ ಹೇಳಲೇಬೇಕಿತ್ತು. ಹೇಳದೆ ಬಾಯಿ ಮುಚ್ಚಿಕೊಂಡು ಹೋದರೆ, ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದಷ್ಟೇ ಕೆಟ್ಟ ಹೆಸರು. ಈಗ ನನ್ನ ಮಗಳು ಅನುವಿನ ಹತ್ತಿರ ಒಂದು ಸಿನಿಮಾದ ಬಗ್ಗೆ ಬಾಯಿ ತೆರೆದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು "ಸ್ಪಾಯ್ಲರ್, ಸ್ಪಾಯ್ಲರ್!" ಎಂದು ಚೇಳು ಕಡಿದವಳ ಹಾಗೆ ಕೂಗುತ್ತಾಳೆ. ಆಗ ಹೇಳದಿದ್ದರೆ ತಪ್ಪು, ಈಗ ಹೇಳಿದರೆ ತಪ್ಪು.

ನಾನೇನು ದೊಡ್ಡ ಪಂಡಿತೆಯಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಸಂಜೆ ಅಡುಗೆ ಮುಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಕೂತು, ಎದುರಿಗೆ ಬಂದದ್ದನ್ನು ನೋಡುವವಳು. ಆದರೆ ನೋಡಿದ ಮೇಲೆ ಅಭಿಪ್ರಾಯ ಇಲ್ಲದೆ ಇರುತ್ತದೆಯೇ? ಈಚಿನ ಸಿನಿಮಾಗಳಲ್ಲಿ ಹೀರೋಗಳಿಗೆ ಗಡ್ಡ ಹೆಚ್ಚಾಗಿದೆ, ಬೆಳಕು ಕಡಿಮೆಯಾಗಿದೆ. ಯಾರು ಯಾರನ್ನು ಹೊಡೆದರು ಎಂದು ನನಗೆ ತಿಳಿಯುವಷ್ಟರಲ್ಲಿ ಹೊಡೆಸಿಕೊಂಡವನ ತಿಥಿಯೂ ಮುಗಿದಿರುತ್ತದೆ. ಮೊಬೈಲಿನಲ್ಲಿ ಬರುವ ಸರಣಿಗಳಲ್ಲಿ ಎಂಟು ಕಂತು ಎಳೆದಾಡಿ, ಕೊನೆಗೆ ಕೊಲೆ ಮಾಡಿದವನು ಆ ಒಳ್ಳೆಯ ಪೊಲೀಸೇ ಎನ್ನುತ್ತಾರೆ. ಅದು ನನಗೆ ಎರಡನೇ ಕಂತಿಗೇ ಗೊತ್ತಿರುತ್ತದೆ. ಧಾರಾವಾಹಿಗಳ ಅತ್ತೆಯರು ಮಾತ್ರ ಬದಲಾಗಿಲ್ಲ. ಮಲಗುವಾಗಲೂ ಜರಿ ಸೀರೆ. ಸೊಸೆ ಒಂದು ಮಾತು ಆಡಿದರೆ ಡಮ್ ಡಮ್ ಎಂಬ ಸಂಗೀತದೊಂದಿಗೆ ಮೂರು ಸಲ ತಿರುಗಿ ದುರುಗುಟ್ಟಿ ನೋಡುವುದು. ಎಲ್ಲರೂ ಇದನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಆ ಮಾತಿಲ್ಲದ ದುರುಗುಟ್ಟುವಿಕೆ ಇಲ್ಲದಿದ್ದರೆ ನಮ್ಮಜ್ಜಿಯೂ ಚಿಕ್ಕಜ್ಜಿಯೂ ಒಬ್ಬರ ಮುಖ ಒಬ್ಬರು ನೋಡದೆಯೇ ಹೋಗಿಬಿಡುತ್ತಿದ್ದರು.

ನಾನಾಗ ಐದನೇ ಕ್ಲಾಸು. ಆ ವರ್ಷ ಅವರೆಕಾಯಿ ಕಾಲಕ್ಕೇ ಲೋಡ್ ಶೆಡ್ಡಿಂಗ್ ಶುರುವಾಗಿತ್ತು. ಒಂದು ವಾರ ಸಂಜೆ ಹೊತ್ತು ಮೇಲಿನ ಬೀದಿಗೆ ಕರೆಂಟು, ಮರುವಾರ ಕೆಳಗಿನ ಬೀದಿಗೆ. ಎರಡು ಬೀದಿಗಳ ನಡುವೆ ಒಂದು ಕಾಲುವೆ, ಅದನ್ನು ದಾಟಲು ಒಂದೇ ಒಂದು ಸಣ್ಣ ಕಲ್ಲುಚಪ್ಪಡಿ. ಏಳೂವರೆಯ ಧಾರಾವಾಹಿಗೆ ಇಡೀ ಊರೇ ಮರುಳಾಗಿತ್ತು, ಆದರೆ ಕರೆಂಟಿದ್ದ ಬೀದಿಗೆ ಹೋಗಿ ನೋಡಲು ಹೆಂಗಸರಿಗೆ ಪುರುಸೊತ್ತೆಲ್ಲಿ? ಡೈರಿಗೆ ಹಾಲು ಹಾಕಿ ಬಂದು ಮುದ್ದೆ ತಿರುವುವ ಹೊತ್ತು ಅದು. ಹಾಗಾಗಿ ನೋಡಿದವರು ಮಾರನೆಯ ದಿನ ಅವರೆಕಾಯಿ ಸುಲಿಯುತ್ತಾ ಕಥೆ ಹೇಳುತ್ತಿದ್ದರು. ಜಗಲಿ ತುಂಬ ಸಿಪ್ಪೆ, ಗಾಳಿ ತುಂಬ ಸೊಗಡಿನ ವಾಸನೆ. ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕಿದರೆ ಪಚಕ್ಕನೆ ಹಾರಿ ಎದುರಿಗೆ ಕೂತವರ ಹಣೆಗೆ ಬೀಳಬೇಕು, ಅದೇ ನಮ್ಮ ಆಟ. ಸಂಜೆಗೆ ಹಿತಕವರೆ ಸಾರು, ಬೆಳಿಗ್ಗೆ ಅವರೆಕಾಳು ಹಾಕಿದ ಅಕ್ಕಿರೊಟ್ಟಿ. ಒಂದು ತಿಂಗಳು ನಮ್ಮ ಬೆರಳ ತುದಿಗಳೆಲ್ಲ ಅವರೆಯ ವಾಸನೆಯೇ.

ನಮ್ಮದು ಮೇಲಿನ ಬೀದಿ. ಚಿಕ್ಕಜ್ಜಿಯ ಮನೆ ಕೆಳಗಿನ ಬೀದಿ, ನನ್ನ ಸ್ಕೂಲಿನ ದಾರಿಯಲ್ಲೇ. ಅಜ್ಜಿಯ ಒಡಹುಟ್ಟಿದ ತಂಗಿ ಅವರು. ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರು, ಕಷ್ಟಸುಖಕ್ಕೆ ಆಗಲಿ ಎಂದು. ಆದರೆ ನನಗೆ ಬುದ್ಧಿ ತಿಳಿದಾಗಿನಿಂದ ಅವರಿಬ್ಬರು ಮಾತಾಡಿದ್ದನ್ನೇ ನೋಡಿರಲಿಲ್ಲ. ಕಾರಣ ಒಂದು ಮದುವೆ. ನಮ್ಮ ಕಡೆ ಮದುವೆಗೆ ಕರೆಯುವವರು ತಾವೇ ಬಂದು, ಅರಿಶಿನ ಕುಂಕುಮ ಕೊಟ್ಟು ಬಾಯಿತುಂಬ ಕರೆಯಬೇಕು. ಚಿಕ್ಕಜ್ಜಿ ತಮ್ಮ ಮಗನ ಮದುವೆಗೆ ಕರೆಯಲು ತಾವು ಬರಲೇ ಇಲ್ಲ, ಲಗ್ನಪತ್ರಿಕೆಯನ್ನು ಬೇರೆ ಯಾರ ಕೈಯಲ್ಲೋ ಕಳಿಸಿದರು. "ಒಡಹುಟ್ಟಿದೋಳು, ಕೂಗಿದ್ರೆ ಕೇಳ್ಸೋ ಅಷ್ಟು ದೂರದಲ್ಲವ್ಳೆ, ಕಾಲುವೆ ದಾಟಿ ಬರಕ್ಕೆ ಕಾಲು ಸವೀತಿತ್ತಾ?" ಎಂದು ಅಜ್ಜಿ ಮದುವೆಗೂ ಹೋಗಲಿಲ್ಲ, ಆಮೇಲೆ ಆ ಮನೆಯ ಹೊಸ್ತಿಲೂ ತುಳಿಯಲಿಲ್ಲ.

ದೊಡ್ಡವರ ಜಗಳ ನನಗೆ ತಗಲಿರಲಿಲ್ಲ. ನಮ್ಮ ಬೀದಿಗೆ ಕರೆಂಟಿದ್ದ ವಾರ, ಸ್ಕೂಲಿನಿಂದ ಬರುವಾಗ ಚಿಕ್ಕಜ್ಜಿ ಜಗಲಿಯಿಂದಲೇ ನನ್ನ ಹೆಜ್ಜೆಯ ಸಪ್ಪಳ ಹಿಡಿದು ಕೂಗುತ್ತಿದ್ದರು.

"ಸುಮಾ, ಬಾ ಮಗ. ನೆನ್ನೆ ಏನಾಯ್ತು?"

"ದೊಡ್ಡ ಸೊಸೆ ವಾಪಸ್ ಬಂದ್ಲು ಚಿಕ್ಕಜ್ಜಿ. ಅತ್ತೆ ಬೈದ್ಲು. ಮುಗೀತು."

"ಇಷ್ಟೇಯ? ಯಾವ ಸೀರೆ ಉಟ್ಟಿದ್ಲು? ಅತ್ತೆ ಬೈಯಕ್ ಮುಂಚೆ ಮೊಕ ಹೆಂಗ್ ಮಾಡಿದ್ಲು?"

ನನಗೆಲ್ಲಿ ಅದೆಲ್ಲ ನೆನಪು. ಮನೆಗೆ ಬಂದರೆ ಅಜ್ಜಿ ಮೊರದಿಂದ ತಲೆ ಎತ್ತದೆ ಕೇಳುತ್ತಿದ್ದರು, "ಏನಂದ್ಲು?"

"ಯಾರಜ್ಜಿ?"

"ಅದೇ ಕಣೇ. ಆ ಮನೆಯೋಳು."

ನಾನು ಕಥೆ ಹೇಳಿದ ಚಂದ ಕೇಳಿ ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಕತೆ ಹೇಳೋದು ಅಂದ್ರೆ ಮಗ್ಗಿ ಒಪ್ಪಿಸ್ದಂಗಾ? ಹಸ್ರು ಸೀರೆ, ಕೆಂಪು ಅಂಚು. ಅತ್ತೆ ಮೊದ್ಲು ಮೆಟ್ಲು ಮ್ಯಾಗಿಂದ ನೋಡಿದ್ಲು, ಆಮೇಕೆ ತುಟಿ ಕಚ್ಚಿದ್ಲು, ಆಮೇಕೆ ಬೈದ್ಲು. ನಾಳೆ ಹೋದಾಗ ಹಿಂಗೇ ಹೇಳು." ಮತ್ತೆ ಮೊರಕ್ಕೆ ತಲೆ ಬಗ್ಗಿಸಿ ಸೇರಿಸಿದರು, "ನಾನ್ ಹೇಳಿದ್ದು ಅನ್ಬ್ಯಾಡ."

ನಾನು ಹಾಗೆಯೇ ಒಪ್ಪಿಸಿದೆ. ಚಿಕ್ಕಜ್ಜಿ ಕಣ್ಣರಳಿಸಿ ಕೇಳಿ, "ಇದು ನಿನ್ ಮಾತಲ್ಲ ಬುಡು," ಎಂದು ನಕ್ಕು ನನ್ನ ಕೈಗೆ ಬೆಲ್ಲದ ಚೂರು ಇಟ್ಟರು. ತಾತ ಮಾತ್ರ ಅಜ್ಜಿಯನ್ನು ರೇಗಿಸುತ್ತಿದ್ದರು. "ತಂಗಿ ಬ್ಯಾಡ, ತಂಗಿಗೆ ಕತೆ ಬೇಕು ನಿಂಗೆ." ಅಜ್ಜಿ ಮೊರವನ್ನು ಜೋರಾಗಿ ಕೇರುತ್ತಿದ್ದರು, ಕೇರುವಂಥದ್ದು ಅದರಲ್ಲಿ ಏನೂ ಇಲ್ಲದಿದ್ದರೂ.

ಮರುವಾರ ಕರೆಂಟು ಕೆಳಗಿನ ಬೀದಿಗೆ ಹೋಯಿತು. ಕಥೆ ತರಲು ಅಜ್ಜಿ ನನ್ನನ್ನೇ ಕಳಿಸಿದರು. ಚಿಕ್ಕಜ್ಜಿಯ ಪಕ್ಕ ಕೂತು ಟಿವಿ ನೋಡುವಾಗ ನನಗೊಂದು ವಿಚಿತ್ರ ಕಂಡಿತು. ಅವರು ಟಿವಿಗೆ ಮುಖ ಕೊಡುವ ಬದಲು ಕಿವಿ ಕೊಟ್ಟು ಕೂರುತ್ತಿದ್ದರು. ಮಾತು ನಡೆಯುವಾಗ ಎಲ್ಲ ಸರಿ. ಬರೀ ಸಂಗೀತ ಬಂದು, ಪಾತ್ರಗಳು ಒಬ್ಬರನ್ನೊಬ್ಬರು ದುರುಗುಟ್ಟಲು ಶುರುಮಾಡಿದರೆ ಚಿಕ್ಕಜ್ಜಿ ಚಡಪಡಿಸುತ್ತಿದ್ದರು. "ಈಗ ಯಾರು ಬಂದ್ರು ಮಗ? ನಗ್ತಾವ್ಳಾ?" ಎಂದು ಕೇಳಿದರು. ಆಗ ಪರದೆಯ ಮೇಲೆ ದೊಡ್ಡ ಸೊಸೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ನನ್ನನ್ನು ಬೀದಿಯ ತನಕ ಬಿಡಲು ಬಂದ ಭಾಗ್ಯ ಚಿಕ್ಕಮ್ಮ, ಅಂದರೆ ಚಿಕ್ಕಜ್ಜಿಯ ಸೊಸೆ, ಮೆಲ್ಲಗೆ ಹೇಳಿದರು. "ನಿಮ್ಮಜ್ಜಿಗೆ ಹೇಳು ಮಗ. ನಮ್ಮತ್ತೆಗೆ ಕಣ್ಣಲ್ಲಿ ಪೊರೆ ಬಂದೈತೆ. ನನ್ನ ಮದ್ವೆಗೆ ಮುಂಚಿಂದ್ಲೂ ಹಗಲಲ್ಲೂ ಮಂಜಾಗೇ ಕಾಣ್ತಿತ್ತಂತೆ, ಹೊತ್ತು ಮುಳುಗಿದ್ರೆ ಏನೂ ಕಾಣ್ತಿರ್ಲಿಲ್ವಂತೆ. ಹೆಣ್ಣಿನ ಕಡೆಯೋರಿಗೆ ಗೊತ್ತಾದ್ರೆ, ಕಣ್ಣಿಲ್ಲದ ಅತ್ತೆ ಚಾಕರಿಗೆ ಸೊಸೆ ಹುಡುಕ್ತಾವ್ರೆ ಅಂದು ಹಿಂದೆ ಸರೀತಾರೆ ಅಂತ ಯಾರಿಗೂ ಹೇಳಿಲ್ಲ. ಮೊನ್ನೆ ನನ್ನ ಹತ್ರ ಬಾಯಿ ಬಿಟ್ರು."

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ನಾನು ಒಂದು ಕಥೆಯನ್ನು ಏನೂ ಬಿಡದೆ ಹೇಳಿದ್ದು. ಅಜ್ಜಿಯ ಬೆರಳಲ್ಲಿದ್ದ ಕಾಳು ಹಾಗೇ ಉಳಿಯಿತು.

"ಅದ್ಕೇ ಬರ್ಲಿಲ್ವಾ ಅವ್ಳು," ಎಂದರು. ಕಾಲುವೆಯ ಚಪ್ಪಡಿ ಎಷ್ಟು ಅಗಲ ಎಂದು ಅವರಿಗೂ ಗೊತ್ತಿತ್ತು. ಕುಂಕುಮದ ಬಟ್ಟಲು ಹಿಡಿದು, ಕಣ್ಣು ಕಾಣದವಳು, ಗುಟ್ಟು ಹೇಳದೆ ಯಾರನ್ನು ಜೊತೆಗೆ ಕರೆದುಕೊಂಡು ಬರಬೇಕಿತ್ತು? ಆ ರಾತ್ರಿ ಅಜ್ಜಿ ಅರ್ಧ ಮುದ್ದೆಯನ್ನೂ ತಿನ್ನಲಿಲ್ಲ.

ಮಾರನೆಯ ಸಂಜೆ ಅಜ್ಜಿ ಒಂದು ಪಾತ್ರೆ ನೆನೆಸಿದ ಅವರೆಕಾಳು ಸೊಂಟಕ್ಕೇರಿಸಿ, "ನಡಿ," ಎಂದರು. ಕಾಲುವೆ ದಾಟಿ ಕೆಳಗಿನ ಬೀದಿಗೆ ಹೋದೆವು. ಬಾಗಿಲಲ್ಲಿ ಭಾಗ್ಯ ಚಿಕ್ಕಮ್ಮನಿಗೆ ಮಾತ್ರ ಕೇಳಿಸಬೇಕೆಂಬಂತೆ, ಆದರೆ ಇಡೀ ಬೀದಿಗೆ ಕೇಳಿಸುವ ಹಾಗೆ ಹೇಳಿದರು, "ನಮ್ ಬೀದೀಲಿ ಕರೆಂಟಿಲ್ಲ ಕಣವ್ವ. ಸೀರಿಯಲ್ ನೋಡಾನ ಅಂತ ಬಂದೆ." ಚಿಕ್ಕಜ್ಜಿ ಗೋಡೆಗೆ ಒರಗಿ ಕೂತಿದ್ದವರು ಸ್ವಲ್ಪ ಸರಿದು ಜಾಗ ಬಿಟ್ಟರು. ಅಜ್ಜಿ ಕೂತರು. ನಾನು ಇಬ್ಬರ ನಡುವೆ ನುಸುಳಿ ಕೂತೆ.

ಧಾರಾವಾಹಿ ಶುರುವಾಯಿತು. ಅತ್ತೆ ಬಂದಳು, ಸೊಸೆ ಏನೋ ಅಂದಳು, ಡಮ್ ಡಮ್ ಸಂಗೀತ ಬಂತು. ಚಿಕ್ಕಜ್ಜಿಯ ಕೈ ಸೆರಗನ್ನು ಹಿಂಡತೊಡಗಿತು. ಅಜ್ಜಿ ಟಿವಿಯಿಂದ ಕಣ್ಣು ತೆಗೆಯದೆ, ತಮಗೆ ತಾವೇ ಹೇಳಿಕೊಂಡಂತೆ ಶುರುಮಾಡಿದರು. "ಅತ್ತೆ ದುರುಗುಟ್ಟಿ ನೋಡ್ತಾವ್ಳೆ. ಇನ್ನೂ ನೋಡ್ತಾವ್ಳೆ. ಮೂಗುಬೊಟ್ಟು ನೋಡು, ತಟ್ಟೆಯಷ್ಟಗ್ಲ. ಸೊಸೆ ತಲೆ ತಗ್ಗಿಸವ್ಳೆ. ಕಣ್ಣಲ್ಲಿ ನೀರು ತುಂಬೈತೆ, ಬಿದ್ದಿಲ್ಲ." ಚಿಕ್ಕಜ್ಜಿಯ ಕೈ ಸೆರಗು ಬಿಟ್ಟು ಮೆಲ್ಲಗೆ ಕಾಳಿನ ಪಾತ್ರೆಗೆ ಬಂತು. ಇಬ್ಬರೂ ಹಿತುಕತೊಡಗಿದರು.

ಅಷ್ಟರಲ್ಲಿ ಆ ಬೀದಿಯಲ್ಲೂ ಕರೆಂಟು ಹೋಯಿತು. ಮನೆಮನೆಯಿಂದ "ಅಯ್ಯೋ!" ಎಂಬ ಕೂಗು. ಭಾಗ್ಯ ಚಿಕ್ಕಮ್ಮ ಬೆಂಕಿಪೊಟ್ಟಣ ಹುಡುಕಲು ಒಳಗೆ ಹೋದರು.

ಕತ್ತಲಲ್ಲಿ ಚಿಕ್ಕಜ್ಜಿ ಹೇಳಿದರು, "ನೀನ್ ಹೇಳಕ್ಕ."

"ಏನ್ ಹೇಳ್ಲೇ? ಕರೆಂಟ್ ಹೋಯ್ತು."

"ಹೋದ್ರೆ ಹೋಗ್ಲಿ. ನಂಗೆ ಇದ್ದಾಗ್ಲೂ ಇಷ್ಟೇ, ಇಲ್ದಾಗ್ಲೂ ಇಷ್ಟೇ."

ಪಾತ್ರೆಯಿಂದ ಇನ್ನೊಂದು ಹಿಡಿ ಕಾಳು ತೆಗೆದುಕೊಂಡ ಸದ್ದಾಯಿತು. ಆಮೇಲೆ ಅಜ್ಜಿಯ ದನಿ ಬಂತು.

"ದೊಡ್ಡ ಸೊಸೆ ಹೊಸ್ಲ ಹತ್ರ ನಿಂತವ್ಳೆ."

"ಯಾಕೆ, ಒಳಕ್ಕೆ ಬರಕ್ಕೇನು ಅವ್ಳಿಗೆ?"

"ನಾಚ್ಕೆ ಕಣೇ. ನೆಟ್ಟಗೆ ಬಂದು ಕರೀಲಿಲ್ಲ ಅಂತ ಇಷ್ಟು ವರ್ಷ ಮೊಕ ತಿರುಗಿಸ್ಕಂಡಿದ್ಲಲ್ಲ. ಚಿಕ್ಕೋಳಿಗೆ ಕಣ್ಣು ಕಾಣಾಕಿಲ್ಲ ಅಂತ ಗೊತ್ತಿರ್ಲಿಲ್ಲ ಆ ಮುಂಡೇದಕ್ಕೆ."

ನಾನು ತಡೆಯಲಾರದೆ ಬಾಯಿ ಹಾಕಿದೆ. "ಅಜ್ಜಿ, ಅದರಲ್ಲಿ ಚಿಕ್ಕ ಸೊಸೆಗೆ ಕಣ್ಣು ಚೆನ್ನಾಗೇ ಕಾಣತ್ತಲ್ಲ!"

"ಸುಮ್ಕಿರು, ನಿಂಗೇನ್ ಗೊತ್ತು!" ಎಂದರು ಇಬ್ಬರೂ ಒಟ್ಟಿಗೆ.

ಮತ್ತೆ ಚಿಕ್ಕಜ್ಜಿಯೇ ಹೇಳಿದರು. ದನಿ ಒದ್ದೆಯಾಗಿತ್ತು. "ಚಿಕ್ಕೋಳ್ದೂ ತಪ್ಪೈತೆ ಕಣಕ್ಕ. ಅಕ್ಕನ ಹತ್ರ ಹೇಳ್ಕಳಕ್ಕೆ ಏನಾಗಿತ್ತು ಅವ್ಳಿಗೆ ರೋಗ? ಒಳಕ್ಕೆ ಬಾ ಅನ್ನು. ಬಾಗ್ಲು ಯಾವತ್ತೂ ಹಾಕಿರ್ಲಿಲ್ಲ."

ಚಿಕ್ಕಮ್ಮ ಸೀಮೆಎಣ್ಣೆ ಬುಡ್ಡಿ ತಂದಿಟ್ಟಾಗ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು. "ಈ ವರ್ಷ ಅವರೆಗೆ ಸೊಗಡು ಜಾಸ್ತಿ," ಎಂದರು ಅಜ್ಜಿ. "ಊಂ, ಕಣ್ಣಿಗೇ ಹೊಡೀತೈತೆ," ಎಂದರು ಚಿಕ್ಕಜ್ಜಿ. ನನಗೆ ಏನಾಯಿತೆಂದು ಪೂರ್ತಿ ತಿಳಿಯಲಿಲ್ಲ. ಆ ಸಂಕ್ರಾಂತಿಗೆ ಎಳ್ಳು ಬೀರಲು ನಾನು ಮೊದಲು ಹೋದದ್ದು ಕಾಲುವೆಯಾಚೆಗೆ.

ಬೇಸಿಗೆಗೆ ಅಜ್ಜಿಯೇ ಮುಂದೆ ನಿಂತು ತಂಗಿಯನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದರು. ಕಟ್ಟು ಬಿಚ್ಚಿ ಊರಿಗೆ ಬಂದ ಮೇಲೆ ಚಿಕ್ಕಜ್ಜಿ ಮೊದಲ ಸಲ ಆ ಧಾರಾವಾಹಿಯನ್ನು ಕಣ್ಣಾರೆ ನೋಡಿದರು. ನೋಡಿ ಮುಖ ಸಿಂಡರಿಸಿದರು. "ಇವ್ಳೇನಾ ಅತ್ತೆ? ಇಷ್ಟ್ ಸಣ್ಣಗವ್ಳೆ! ಮೂಗುಬೊಟ್ಟು ಸಾಸಿವೆ ಕಾಳಷ್ಟೈತೆ. ಅಕ್ಕ, ನೀನ್ ಹೇಳಿದ್ದೇ ಚೆಂದಿತ್ತು." ಆಮೇಲೂ ಅವರು ಅಜ್ಜಿ ಜೊತೆಗಿದ್ದರೆ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದರು. ಅಜ್ಜಿ ಹೇಳುತ್ತಿದ್ದರು.

ಈಗ ಇಬ್ಬರೂ ಇಲ್ಲ. ಕಾಲುವೆಗೆ ಅಗಲವಾದ ಸಿಮೆಂಟಿನ ಮೋರಿ ಬಂದಿದೆ, ಸಂಜೆ ಹೊತ್ತು ಎರಡೂ ಬೀದಿಗೆ ಕರೆಂಟಿರುತ್ತದೆ. ಹಳೇಬೀಡಿನ ಕಡೆ ಹೋದಾಗ ಊರಿಗೂ ಹೋಗಿ ಬರುತ್ತೇನೆ. ಎಲ್ಲರ ಮನೆಯಲ್ಲೂ ದೊಡ್ಡ ಟಿವಿ, ಎಲ್ಲರ ಕೈಯಲ್ಲೂ ಚಿಕ್ಕ ಟಿವಿ, ತಪ್ಪಿಹೋದ ಕಂತನ್ನು ಯಾವಾಗ ಬೇಕಾದರೂ ನೋಡಬಹುದು. ಹಾಗಾಗಿ ಯಾರೂ ಯಾರನ್ನೂ "ನೆನ್ನೆ ಏನಾಯ್ತು?" ಎಂದು ಕೇಳುವುದಿಲ್ಲ. ನನಗೆ ಕಳೆದುಹೋಗಿದೆ ಅನ್ನಿಸುವುದು ಆ ಒಂದು ಪ್ರಶ್ನೆಯೇ. ಈಗಿನ ಸಿನಿಮಾಗಳಲ್ಲಿ ಚೆನ್ನಾಗಿರುವವೂ ಬೇಕಾದಷ್ಟಿವೆ, ಗಡ್ಡ ಮತ್ತು ಕತ್ತಲನ್ನು ಕ್ಷಮಿಸಿದರೆ. ನೋಡಿ ಆದ ಮೇಲೆ ಯಾರಿಗೆ ಹೇಳಲಿ ಎಂಬುದೇ ನನ್ನ ತಕರಾರು.

ಹೋದ ತಿಂಗಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಪರೀಕ್ಷೆಗೆಂದು ಹನಿ ಹಾಕಿ ಕಳಿಸಿದರು. ಸಂಜೆಯಾದರೂ ಎಲ್ಲ ಮಸುಕು. ಅಭ್ಯಾಸಬಲದಿಂದ ಟಿವಿ ಹಾಕಿ ಕೂತೆ. ಡಮ್ ಡಮ್ ಸಂಗೀತ ಬಂತು, ಏನು ನಡೆಯುತ್ತಿದೆಯೋ ತಿಳಿಯಲಿಲ್ಲ. ನನ್ನ ಧಾರಾವಾಹಿ ಕಂಡರೆ ಮೂಗು ಮುರಿಯುವ ಅನು ಕಿವಿಯಿಂದ ಇಯರ್‌ಫೋನ್ ತೆಗೆದು, ನಿಟ್ಟುಸಿರು ಬಿಟ್ಟು, ಪಕ್ಕಕ್ಕೆ ಬಂದು ಕೂತಳು.

"ಆ ಅತ್ತೆ ಗುರಾಯಿಸ್ತಿದಾಳಮ್ಮ. ಇನ್ನೂ ಗುರಾಯಿಸ್ತಿದಾಳೆ. ಅಯ್ಯಪ್ಪ, ಮತ್ತೆ ಕ್ಲೋಸಪ್ಪು. ಸೊಸೆ ಅಳ್ತಿದಾಳೆ, ಆದ್ರೆ ಮೇಕಪ್ ಹಾಗೇ ಇದೆ." ಹೇಳುತ್ತಾ ಹೇಳುತ್ತಾ ಅವಳಿಗೇ ರುಚಿ ಹತ್ತಿತು. ಜಾಹೀರಾತು ಬಂದಾಗಲೂ ನಿಲ್ಲಿಸಲಿಲ್ಲ, ಮುಂದೆ ಏನಾಗಬಹುದು ಎಂದು ತಾನೇ ಕಟ್ಟಿ ಹೇಳಿದಳು, ಕೈ ಆಡಿಸಿಕೊಂಡು, ಥೇಟ್ ಅವಳು ನೋಡೇ ಇಲ್ಲದ ಮುತ್ತಜ್ಜಿಯ ಹಾಗೆ.

"ಅಮ್ಮಾ, ಈಗ ಕಣ್ಣು ಸರಿ ಹೋಯ್ತಾ?" ಎಂದು ಕೇಳಿದಳು ನಡುವೆ.

ಆಗಲೇ ಸರಿಹೋಗಿತ್ತು. ಅತ್ತೆಯ ಜರಿಯ ಒಂದೊಂದು ಎಳೆಯೂ ಕಾಣುತ್ತಿತ್ತು.

"ಇಲ್ಲ ಕಣೇ," ಎಂದು ಕಣ್ಣು ಮುಚ್ಚಿಕೊಂಡೆ. "ನೀನ್ ಹೇಳು."