ಏಳು ಗ್ರಹದಾಚೆಯ ಗಿಳಿ

ಗಂಗೊಳ್ಳಿಯ ಸಿಗಡಿ ಸುಲಿಯುವ ಶೆಡ್ಡಿನ ಹೆಂಗಸರಿಗೆ ಪದ್ದಕ್ಕನ ಕಥೆಯಿಲ್ಲದೆ ಕೆಲಸ ಸಾಗುವುದಿಲ್ಲ. ಐಸ್ ನೀರಿನಲ್ಲಿ ಬೆರಳು ಮರಗಟ್ಟುವ ಹೊತ್ತಿಗೆ ಯಾರಾದರೊಬ್ಬರು "ಪದ್ದಕ್ಕ, ಒಂದ್ ಕಥೆ ಹೇಳಿ ಕಾಂಬ" ಎನ್ನುತ್ತಾರೆ. ಪದ್ದಕ್ಕ ಹೆಚ್ಚಾಗಿ ಹೇಳುವುದು ರಾಕ್ಷಸನ ಜೀವ ಗಿಳಿಯಲ್ಲಿರುವ ಕಥೆ. ಏಳು ಸಮುದ್ರದಾಚೆ ದ್ವೀಪ, ದ್ವೀಪದಲ್ಲಿ ಮರ, ಮರದಲ್ಲಿ ಪಂಜರ. ರಾಜಕುಮಾರ ಗಿಳಿಯ ಕುತ್ತಿಗೆ ಮುರಿಯುವಾಗ ಪದ್ದಕ್ಕ ಕೈಯಲ್ಲಿದ್ದ ಸಿಗಡಿಯ ತಲೆಯನ್ನು ಟಕ್ಕೆಂದು ಕಿತ್ತು ಬುಟ್ಟಿಗೆ ಎಸೆಯುತ್ತಾರೆ.

ಕಳೆದ ಮಳೆಗಾಲ ಮುಗಿದ ಮೇಲೆ, ಬೈಂದೂರಿನಿಂದ ಮದುವೆಯಾಗಿ ಬಂದ ಶರಣ್ಯಾ ಅದೇ ಶೆಡ್ಡಿಗೆ ಸೇರಿದಳು. ಒಂದು ದಿನ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಬದ ಮೊಳೆಗೆ ತೂಗುಹಾಕಿದಳು.

"ಪದ್ದಕ್ಕ, ನಿಮ್ ಗಿಳಿ ಕಥೆ ಇದ್ರಗೂ ಇತ್. ಆದ್ರೆ ಆಕಾಶ್ದಗೆ ನಡೂದ್."

ಮೊಬೈಲಿನಿಂದ ಕೇಳಿಬಂದದ್ದು ಯಾರೋ ಓದಿ ಹೇಳಿದ ಕಥೆ. ಅದರಲ್ಲಿ ಏಳು ಸಮುದ್ರದ ಬದಲು ಏಳು ಗ್ರಹ. ರಾಕ್ಷಸನೆಂದರೆ ಒಂದಿಡೀ ಲೋಕವನ್ನು ಆಳುವ ಯಂತ್ರ. ಅದರ ಜೀವ, ದೂರದ ಹಿಮದ ಗ್ರಹದಲ್ಲಿ ಬಚ್ಚಿಟ್ಟ ಲೋಹದ ಗಿಳಿಯಲ್ಲಿ. ಸೆರೆಯಲ್ಲಿದ್ದ ಹುಡುಗಿಯೊಬ್ಬಳು ನೌಕೆ ಕದ್ದು ಅದನ್ನು ಹುಡುಕಿಕೊಂಡು ಹೊರಡುತ್ತಾಳೆ.

"ರಾಜಕುಮಾರ ಎಲ್ಲ್ ಹೋದ?" ಪದ್ದಕ್ಕ ಮುಖ ಗಂಟಿಕ್ಕಿದರು.

"ಅಂವ ಇದ್ರಗೆ ಇಲ್ಲ ಪದ್ದಕ್ಕ. ಇವ್ಳೇ ನೌಕೆ ಬಿಡುದ್."

"ಒಬ್ಳೆಯಾ? ಅಷ್ಟ್ ದೂರಕ್ಕೆ ಡೀಸೆಲ್ ಎಷ್ಟ್ ಬೇಕಾತ್ತ್ ಮಾರಾಯ್ತಿ!"

ಎಲ್ಲರೂ ನಕ್ಕರು. ಆದರೆ ಮೂರನೇ ಗ್ರಹ ದಾಟುವಷ್ಟರಲ್ಲಿ ಪದ್ದಕ್ಕನೇ ಉಳಿದವರನ್ನು "ಶ್!" ಎಂದು ಗದರತೊಡಗಿದ್ದರು. ಕೊನೆಗೆ ಕಥೆಯ ಹುಡುಗಿ ಗಿಳಿಯ ಮುಂದೆ ನಿಂತಳು. ಅಷ್ಟರಲ್ಲಿ ಮೊಬೈಲ್ ಚಾರ್ಜು ಮುಗಿಯಿತು.

"ಮುಂದೆ ನೀವೇ ಹೇಳಿ" ಎಂದರು ಹೆಂಗಸರು.

"ಇನ್ನೆಂತ ಇತ್? ಕುತ್ಗಿ ತಿರ್ಪುದ್. ರಾಕ್ಷಸ ಸತ್ತ್ ಹೋಯ್ತ್." ಹೇಳಿದರೇ ಹೊರತು, ಆ ದಿನ ಅವರ ದನಿಯಲ್ಲಿ ಹುರುಪಿರಲಿಲ್ಲ.

ಮಾರನೇ ದಿನ ಶರಣ್ಯಾ ಚಪ್ಪಲಿ ಕಳಚುವ ಮೊದಲೇ ಪದ್ದಕ್ಕ ಕೇಳಿದರು, "ಚಾರ್ಜ್ ಮಾಡ್ಕಂಡ್ ಬಂದಿದ್ಯಾ ಹೆಣೆ?"

ಕಥೆ ಮುಂದುವರಿಯಿತು. ಹುಡುಗಿ ಕೈ ಚಾಚಿದಾಗ ಗಿಳಿ, "ಯಾರಾದರೂ ಬಂದರಾ? ಎಷ್ಟು ಕಾಲವಾಯಿತು, ಇಲ್ಲಿ ನನ್ನ ಜೊತೆ ಯಾರೂ ಮಾತಾಡಿಲ್ಲ" ಎಂದಿತು. ಹುಡುಗಿ ಅದರ ಕುತ್ತಿಗೆ ಮುರಿಯಲಿಲ್ಲ. ಎತ್ತಿ ನೌಕೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದರು. ಗಿಳಿಯ ಮನಸ್ಸು ಅರಳಿದಂತೆಲ್ಲ, ಅತ್ತ ರಾಕ್ಷಸನ ಲೋಕದಲ್ಲಿ ಒಂದೊಂದೇ ಸೆರೆಮನೆಯ ಬಾಗಿಲು ತೆರೆಯುತ್ತಾ ಬಂತು.

"ಕೊಂದಿಲ್ಯಾ!" ಎಂದರು ಪದ್ದಕ್ಕ. ಕೈ ತುಂಬ ಸಿಗಡಿ ಇದ್ದುದರಿಂದ ಮೊಣಕೈಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಮುಖವೆಲ್ಲ ಅರಳಿಸಿ ನಕ್ಕರು. "ಕಥೆ ಕಟ್ದರ್ ಯಾರೋ, ಲಾಯ್ಕ್ ತಲಿ ಇತ್ ಅವ್ರಿಗೆ. ನಂಗ್ ಹೊಳಿಲೇ ಇಲ್ಲೆ ಕಾಣ್. ಹೆಣೆ, ಮೊದ್ಲಿಂದ ಇನ್ನೊಂದ್ ಸಲ ಹಾಕ್."

ಸಂಜೆ ಮನೆಗೆ ಹೋದವರೇ ಮುಂಬೈಯಲ್ಲಿರುವ ತಂಗಿಗೆ ಫೋನ್ ಮಾಡಿ ಇಡೀ ಕಥೆ ಹೇಳಲು ಕೂತರು. ನೌಕೆಯ ಸದ್ದನ್ನೂ ಬಾಯಲ್ಲೇ ಮಾಡಿದರು. ಗಂಡ ತಿಮ್ಮ ಎರಡು ಸಲ ಊಟಕ್ಕೆ ಕರೆದರು.

"ತಡಿನಿ, ಹೆಣ್ಣ್ ಇನ್ನೂ ಐದ್ನೇ ಗ್ರಹದಗ್ ಇತ್."

ತಿಮ್ಮ ತಾವೇ ಅನ್ನ ಬಡಿಸಿಕೊಂಡು, ಬಟ್ಟಲು ಹಿಡಿದು ಹೆಂಡತಿಯ ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತು ಕೇಳಿ, "ಆ ಗಿಳಿ ತಿಂಬುದ್ ಎಂತ?" ಎಂದರು.

"ಕರೆಂಟ್" ಎಂದು ಹೇಳಿ ಪದ್ದಕ್ಕ ಮತ್ತೆ ಫೋನಿನಲ್ಲಿ ಕಥೆ ಮುಂದುವರಿಸಿದರು.