ಹೊಲಿಗೆಯಕ್ಕನ ಮನೆಯಲ್ಲಿ ಒಂದೂವರೆ ಗೇಣಿನ ದೊಡ್ಡಕ್ಕ

ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಇನ್ನೂ ಬಂದಿಲ್ಲ. ಅಡುಗೆಮನೆಯ ಕಿಟಕಿಯ ಗಾಜಿಗೆ ಚಳಿಯ ಮಂಜು ಕವಿದಿದೆ. ಹೊಲಿಗೆಯಕ್ಕ ಅದನ್ನು ಅಂಗೈಯಿಂದ ಒರೆಸುತ್ತಾರೆ, ಸ್ಟೂಲನ್ನು ಕಿಟಕಿಯ ಹತ್ತಿರಕ್ಕೆಳೆದು ಕೂರುತ್ತಾರೆ. ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಸೂಜಿಯನ್ನು ನೋಡುವ ಗೋಜಿಗೇ ಹೋಗದೆ ಒಂದೇ ಸಲಕ್ಕೆ ಪೋಣಿಸುತ್ತಾರೆ. ಮಡಿಲಲ್ಲಿ ಗೊಂಬೆಯೊಂದು ಬೋರಲು ಬಿದ್ದಿದೆ. ಅದರ ಬೆನ್ನಿನ ಹೊಲಿಗೆ ಬಿಚ್ಚಿದೆ. ಹೊಟ್ಟೆಯೊಳಗಿನ ಹತ್ತಿ ತಟ್ಟೆಯ ತುಂಬ ಹರಡಿದೆ. ಕಿತ್ತುಹೋದ ಎಡಗೈ ಪಕ್ಕದ ಬಟ್ಟಲಲ್ಲಿ ತನ್ನ ಸರದಿಗೆ ಕಾಯುತ್ತಿದೆ.

"ಇವಳ ಹತ್ರ ಗಡಿಬಿಡಿ ನಡೆಯಲ್ಲ," ಎನ್ನುತ್ತಾರೆ. "ವಯಸ್ಸಾದವಳು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು."

ಹೊಲಿಗೆಯಕ್ಕನಿಗೆ ಈಗ ಐವತ್ತೆಂಟು. ಆ ಹೆಸರು ಕೊಟ್ಟದ್ದು ಊರಿನ ದೊಡ್ಡ ಆಸ್ಪತ್ರೆ. ವೈದ್ಯರಿಂದ ಹಿಡಿದು ಗಾಡಿ ತಳ್ಳುವವರ ತನಕ ಎಲ್ಲರ ಬಾಯಲ್ಲೂ ಅದೇ. ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಎರಡು ಕಪಾಟು ಇರುವ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಅವರು ಕೆಲಸ ಮಾಡುತ್ತಿದ್ದಾರೆ. ದಿನಕ್ಕೆ ನಲವತ್ತು ಹಾಸಿಗೆ ಬಟ್ಟೆಗಳಿಗೆ ತೇಪೆ, ಇಪ್ಪತ್ತು ಇಪ್ಪತ್ತೈದು ದಿಂಬಿನ ಚೀಲಗಳ ಅಂಚು, ಹತ್ತು ಹನ್ನೆರಡು ಗೌನುಗಳಿಗೆ ಹೊಸ ಲಾಡಿ. ಆಸ್ಪತ್ರೆಗೆ ಬಂದು ಹೋಗುವ ಯಾರೂ ಆ ಕೋಣೆಯ ಕಡೆ ಹಾಯುವುದಿಲ್ಲ. ಹಾಯುವ ಕಾರಣವೂ ಇಲ್ಲ.

"ಲಾಡಿ ಕಿತ್ತುಹೋದ ಗೌನು ಹಾಕ್ಕೊಂಡು ವರಾಂಡದಲ್ಲಿ ಓಡಾಡೋರ ಪಾಡು ನೀವು ನೋಡ್ಬೇಕು. ಒಂದು ಕೈ ಗೋಡೆ ಮೇಲೆ, ಇನ್ನೊಂದು ಕೈ ಬೆನ್ನ ಹಿಂದೆ! ಮಾನ ಕಾಯೋ ಕೆಲಸ ಕಣ್ರೀ ನಮ್ಮದು," ಎಂದು ಹೇಳಿ ತಾವೇ ಮೊದಲು ನಗುತ್ತಾರೆ.

ಅವರು ನಗದೆ ಹೇಳುವ ಕೆಲಸ ಇನ್ನೊಂದಿದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹೆರಿಗೆ ವಿಭಾಗದ ದಾದಿಯೊಬ್ಬರು ಕೋಣೆಗೆ ಬಂದು ಬಾಗಿಲಲ್ಲೇ ನಿಂತರಂತೆ. ಏನು ಬೇಕೆಂದು ಕೇಳಿದರೆ ಎರಡು ಅಂಗೈಗಳನ್ನು ಸ್ವಲ್ಪ ದೂರದಲ್ಲಿ ಹಿಡಿದು ತೋರಿಸಿದರು. ಆ ಅಳತೆಯ ಮಗುವೊಂದು ಉಸಿರಿಲ್ಲದೆ ಹುಟ್ಟಿತ್ತು. ಅಷ್ಟು ಚಿಕ್ಕ ಮೈಗೆ ಆಸ್ಪತ್ರೆಯಲ್ಲಿ ಬಟ್ಟೆಯೇ ಇರಲಿಲ್ಲ. ಹೊಲಿಗೆಯಕ್ಕ ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಹಳೆಯ ಹಾಸಿಗೆ ಬಟ್ಟೆಯೊಂದರ ಸವೆಯದ ಮೂಲೆಯನ್ನು ಕತ್ತರಿಸಿ, ಅರ್ಧ ಗಂಟೆಯಲ್ಲಿ ಒಂದು ಅಂಗಿ ಹೊಲಿದು ಕೊಟ್ಟರು. ಅಂದಿನಿಂದ ಇಂದಿನವರೆಗೆ ಕಪಾಟಿನ ಮೇಲಿನ ಅರೆಯಲ್ಲಿ ಮೂರು ಅಳತೆಯ ಅಂಗಿಗಳು ಸದಾ ಸಿದ್ಧವಾಗಿರುತ್ತವೆ. ಮಾಡಿ ಎಂದು ಯಾರೂ ಹೇಳಿಲ್ಲ. ಬೇಡ ಎಂದೂ ಹೇಳಿಲ್ಲ.

ಇದುವರೆಗೆ ಎಷ್ಟು ಹೊಲಿದಿರಬಹುದು?

"ಎಣಿಸಿಲ್ಲ. ಎಣಿಸಬಾರದು ಅನ್ನಿಸ್ತು."

ಈ ಚಳಿಗಾಲದಲ್ಲಿ ಒಗೆಯುವ ವಿಭಾಗದ ಹಳೆಯ ಬಾಯ್ಲರ್ ತೆಗೆದು ಹೊಸದು ಕೂರಿಸುತ್ತಿದ್ದಾರೆ. ಬಟ್ಟೆಯೆಲ್ಲ ಹೊರಗಡೆ ಹೋಗುತ್ತಿರುವುದರಿಂದ ಹೊಲಿಗೆ ಕೋಣೆಗೂ ಮೂರು ವಾರ ಬೀಗ. ಇಷ್ಟು ದಿನ ಒಟ್ಟಿಗೆ ಮನೆಯಲ್ಲಿ ಕೂತ ನೆನಪು ಹೊಲಿಗೆಯಕ್ಕನಿಗಿಲ್ಲ. ಮೊದಲೆರಡು ದಿನ ಗೂಡಿನಿಂದ ಬಿದ್ದ ಹಕ್ಕಿಯ ಹಾಗೆ ಆ ಕೋಣೆಯಿಂದ ಈ ಕೋಣೆಗೆ ಸುತ್ತಿದರು. ಮೂರನೆಯ ದಿನ, ಒಂದು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಕೆಲಸಕ್ಕೆ ಕೈ ಹಾಕಿದರು. ತೀರಿಕೊಂಡ ಅಮ್ಮನ ಟ್ರಂಕು ತೆಗೆದರು. ಎರಡು ಉಣ್ಣೆಯ ಶಾಲು, ಕನ್ನಡಕದ ಡಬ್ಬಿ, ಒಂದು ಕಂತೆ ಕಾಗದ. ತಳದಲ್ಲಿ, ದಿಂಬಿನ ಚೀಲವೊಂದರಲ್ಲಿ ಸುತ್ತಿಟ್ಟ ಗೊಂಬೆ.

ಅದು ಅಮ್ಮನ ಗೊಂಬೆ. ಅವಳು ಎರಡು ವರ್ಷದವಳಿದ್ದಾಗ ಮನೆಗೆ ಬಂದದ್ದು. ಕಾಗದ ನೆನೆಸಿ ಅರೆದು ಅಚ್ಚಿಗೆ ಒತ್ತಿ ಮಾಡಿದ ತಲೆ, ಬಟ್ಟೆಯ ಮೈ, ನಿಜವಾದ ಕೂದಲಿನ ಎರಡು ಜಡೆ. ಎತ್ತರ ಒಂದೂವರೆ ಗೇಣು. ಆಮೇಲೆ ಅಮ್ಮನಿಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಅದೇ ಗೊಂಬೆ. ನಮಗಿಂತ ಮೊದಲೇ ಈ ಮನೆಯಲ್ಲಿದ್ದವಳು ಎಂಬ ಲೆಕ್ಕದಲ್ಲಿ ಅವಳಿಗೆ ದೊಡ್ಡಕ್ಕ ಎಂದು ಹೆಸರಾಯಿತು. "ಮನೆಗೆ ದೊಡ್ಡ ಮಗಳು ನಾನು. ಆದ್ರೂ ನನಗೆ ಬರೀ ಅಕ್ಕ ಅನ್ನೋ ಪಟ್ಟ. ಈ ಗಿಡ್ಡಿ ಮುಂದೆ ನಮ್ಮದೇನೂ ನಡೀತಿರಲಿಲ್ಲ," ಎಂದು ಹೊಲಿಗೆಯಕ್ಕ ಗೊಂಬೆಯ ಬೆನ್ನು ತಟ್ಟುತ್ತಾರೆ.

ತಂಗಿ ಇರುವುದು ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಗಂಡ ಬಸ್ ಚಾಲಕ. ಕೆಲಸಕ್ಕೆ ಹೋಗುವ ಮೊದಲು ಕೆಳಗಿಳಿದು ಬಂದು ಅಕ್ಕನ ಜೊತೆ ಒಂದು ಲೋಟ ಚಹಾ ಕುಡಿದು ಹೋಗುವುದು ಎಷ್ಟೋ ವರ್ಷಗಳ ರೂಢಿ. ಗೊಂಬೆ ಸಿಕ್ಕ ಮಾರನೆಯ ಬೆಳಿಗ್ಗೆ ಬಂದವರು ಮೇಜಿನ ಮೇಲೆ ಗೊಂಬೆಯನ್ನು ಕಂಡು ಬಾಗಿಲಲ್ಲೇ ನಿಂತರು.

"ಎಲ್ಲಿ ಸಿಕ್ತು ಇದು?"

"ಅಮ್ಮನ ಟ್ರಂಕಲ್ಲಿ."

"ಇದ್ದಲ್ಲೇ ಇಡು. ಮುಟ್ಟಬೇಡ."

"ಸರಿ ಮಾಡೋಣ ಅಂತಿದ್ದೀನಿ ಕಣೇ."

"ನಿನ್ನಿಷ್ಟ. ನನ್ನ ಕಣ್ಣಿಗೆ ಕಾಣದ ಹಾಗೆ ಮಾಡ್ಕೋ," ಎಂದವರು ಅಂದು ಚಹಾ ಕುಡಿಯಲಿಲ್ಲ.

ದೊಡ್ಡಕ್ಕನ ಹಣೆಯಿಂದ ಕೆನ್ನೆಯವರೆಗೆ ಇಳಿದಿರುವ ಬಿರುಕಿಗೂ ಕಿತ್ತುಹೋದ ಕೈಗೂ ಮೂವತ್ತೊಂದು ವರ್ಷ. ತಂಗಿಗೆ ಆಗ ಇಪ್ಪತ್ತಮೂರು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ ಅವರು ಕಣ್ಣು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಮನೆಗೆ ಬಂದ ಮೇಲೆ ಹನ್ನೊಂದು ದಿನ ಗೊಂಬೆಯನ್ನು ಎದೆಗವಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹನ್ನೆರಡನೆಯ ದಿನ ಎದ್ದವರೇ ಅದನ್ನು ಅದೇ ಗೋಡೆಗೆ ಎತ್ತಿ ಬೀಸಿದರು. ಅಮ್ಮ ತುಂಡುಗಳನ್ನು ಆರಿಸಿ ಟ್ರಂಕಿಗೆ ಹಾಕಿ ಬೀಗ ಜಡಿದಳು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ತಂಗಿಗೆ ಮತ್ತೆ ಮಕ್ಕಳಾಗಲಿಲ್ಲ.

ಹೊಲಿಗೆಯಕ್ಕ ಕೆಲಸ ನಿಲ್ಲಿಸಲಿಲ್ಲ. ಹತ್ತಿಯನ್ನು ಬಿಡಿಸಿ, ಗಂಟು ಗಂಟನ್ನೂ ಹಿಂಜಿ, ಕಿಟಕಿಯ ಬಡ ಬಿಸಿಲಿನಲ್ಲಿ ಒಣಗಿಸಿದರು. ಮೈಯ ಬಟ್ಟೆಯನ್ನು ಸಾಬೂನಿನ ನೀರಿನಲ್ಲಿ ನೆನೆಸಿ, ಹಿಂಡದೆ ತೂಗುಹಾಕಿದರು. ಹರಿದ ಭುಜಕ್ಕೆ ಒಳಗಿನಿಂದ ತೇಪೆ ಕೊಟ್ಟರು. ತಂಗಿ ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ ಬಂದರು. ಗೊಂಬೆಯ ಕಡೆ ನೋಡದೆ ಚಹಾ ಕುಡಿದು ಹೋದರು. ಒಂಬತ್ತನೆಯ ದಿನ ಅವರಿಗೆ ರಜೆ. ಚಹಾ ಮುಗಿದ ಮೇಲೂ ಲೋಟ ಹಿಡಿದುಕೊಂಡೇ ಕೂತಿದ್ದರು.

"ಅಕ್ಕ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬೇಡ."

"ಕೇಳು."

"ಅವತ್ತು ನೀನು ಅವಳನ್ನ ನೋಡಿದ್ಯಾ?"

ಹೊಲಿಗೆಯಕ್ಕನ ಸೂಜಿ ನಿಂತಿತು. "ನೋಡಿದೆ."

"ಹೇಗಿದ್ಲು?"

"ತಲೆ ತುಂಬ ಕೂದಲು. ಕಿವಿ ನಿನ್ನ ಥರಾನೇ, ಸ್ವಲ್ಪ ಅಗಲ. ಮಲಗಿದ ಹಾಗಿದ್ಲು."

ತಂಗಿ ಬಹಳ ಹೊತ್ತು ಲೋಟವನ್ನು ತಿರುಗಿಸಿದರು. "ಡಾಕ್ಟರು ನನಗೆ ತೋರಿಸಬೇಡಿ ಅಂದ್ರಂತೆ. ಅಮ್ಮ ಹೇಳಿದ್ಲು."

ಹೂಂ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮನ ಆ ಮಾತನ್ನು ತಿದ್ದದೆಯೇ ಮೂವತ್ತೊಂದು ವರ್ಷ ಕಳೆದಿದ್ದವರು ಹೊಲಿಗೆಯಕ್ಕ. ಅಂದು ಮಾತ್ರ ನಾಲಿಗೆ ಒಪ್ಪಲಿಲ್ಲ.

"ಡಾಕ್ಟರು ಹಾಗನ್ನಲಿಲ್ಲ ಕಣೇ. ಎಚ್ಚರ ಆದ್ಮೇಲೆ ತೋರಿಸೋಣ, ಅಲ್ಲೀವರೆಗೂ ಇಟ್ಟಿರ್ತೀವಿ ಅಂದ್ರು. ಬೇಡ ಅಂದಿದ್ದು ನಾನು."

"ನೀನು?"

"ನಿನಗೆ ಜ್ವರ ಸುಡ್ತಾ ಇತ್ತು. ನೋಡಿದ್ರೆ ನೀನೂ ಉಳಿಯಲ್ಲ ಅನ್ಕೊಂಡೆ. ಅವಳ ಮೈಮೇಲೆ ಒಂದು ಬಟ್ಟೆ ಕೂಡ ಇರಲಿಲ್ಲ. ಹಳೇ ಟವೆಲಲ್ಲಿ ಸುತ್ತಿದ್ರು. ಅದರಲ್ಲಿ ಹೇಗೆ ತೋರಿಸ್ಲಿ ನಿನಗೆ?"

ತಂಗಿ ಲೋಟವನ್ನು ನೆಲದ ಮೇಲಿಟ್ಟರು. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲು ಹತ್ತಿ ಹೋದರು.

ಐದು ದಿನ ಅವರು ಕೆಳಗೆ ಬರಲಿಲ್ಲ. ಹೊಲಿಗೆಯಕ್ಕ ಬೆಳಿಗ್ಗೆ ಎರಡು ಲೋಟ ಚಹಾ ಸೋಸಿ, ಎರಡನ್ನೂ ತಾವೇ ಕುಡಿದರು. ತಲೆಯ ಮೇಲೆ ತಂಗಿಯ ಹೆಜ್ಜೆ ಸದ್ದು ಕೇಳುತ್ತಿತ್ತು. ಹಾಸಿಗೆಯಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ. ಬಾಗಿಲ ಹತ್ತಿರ ಸದ್ದು ನಿಂತಾಗಲೆಲ್ಲ ಇವರ ಕೈಯೂ ನಿಲ್ಲುತ್ತಿತ್ತು. ಬಿರುಕಿಗೆ ಕಾಗದದ ಹಿಟ್ಟು ತುಂಬಿ, ಬೇಗ ಒಣಗಲೆಂದು ಒಲೆಯ ಹತ್ತಿರ ಇಟ್ಟರೆ ಅದು ಬಿಸಿಗೆ ಸೀಳಿ ಮತ್ತೆ ಬಾಯಿ ಬಿಟ್ಟಿತು. ಎಲ್ಲವನ್ನೂ ಕೆರೆದು ತೆಗೆದು ಹೊಸದಾಗಿ ಶುರು ಮಾಡಬೇಕಾಯಿತು. "ಇಪ್ಪತ್ತೊಂಬತ್ತು ವರ್ಷದ ಕೈ. ಆತುರ ಮಾಡಬಾರದು ಅಂತ ಗೊತ್ತು. ಆದ್ರೂ ಮಾಡಿದೆ. ಅವಳು ಬರೋ ಮುಂಚೆ ಮುಗಿಸಿಬಿಡಬೇಕು ಅನ್ನೋ ಹುಚ್ಚು," ಎನ್ನುತ್ತಾರೆ.

ನಾಲ್ಕನೆಯ ಸಂಜೆ ತಂಗಿಯ ಗಂಡ ಆ ಚಪ್ಪಲಿ ತೆಗೆದುಕೊಂಡು ಹೋಗಲು ಬಂದರು. ಮಾತು ಕಡಿಮೆಯ ಮನುಷ್ಯ. "ಏನಾಯ್ತು ಅಂತ ನಾನು ಕೇಳಲ್ಲ ಅತ್ತಿಗೆ. ಅವಳು ಊಟ ಸರಿಯಾಗಿ ಮಾಡ್ತಿಲ್ಲ. ಆದ್ರೆ ನೀವು ಮೇಲೆ ಬರಬೇಡಿ. ಅವಳಾಗೇ ಬರ್ಲಿ," ಎಂದಷ್ಟೇ ಹೇಳಿ ಹೋದರು.

ಆರನೆಯ ದಿನ ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ತಂಗಿ ಒಳಗೆ ಬಂದರು. ಕಣ್ಣು ಊದಿಕೊಂಡಿತ್ತು. ನೇರವಾಗಿ ಮೇಜಿನ ಹತ್ತಿರ ಹೋಗಿ ಗೊಂಬೆಯನ್ನು ನೋಡಿದರು.

"ದೊಡ್ಡಕ್ಕನ ಕೈ ಕೂತ್ಕೊಂಡಿತಾ?"

"ಕೂತಿದೆ. ಮುಖ ಇನ್ನೂ ಒಣಗಬೇಕು."

"ಆಸ್ಪತ್ರೇಲಿ ನೀನು ಹೊಲೀತೀಯಂತಲ್ಲ, ಆ ಮಕ್ಕಳಿಗೆ. ಬೇರೆಯವರು ಹೇಳಿ ಗೊತ್ತು ನನಗೆ. ನೀನು ಯಾವತ್ತೂ ಹೇಳಲಿಲ್ಲ."

"ಯಾವ ಬಾಯಲ್ಲಿ ಹೇಳ್ಲಿ?"

"ತೋರಿಸು."

ರಜೆಯಲ್ಲಿ ಮುಗಿಸಲೆಂದು ಮನೆಗೆ ತಂದಿದ್ದ ಅಂಗಿಗಳು ಬೀರುವಿನಲ್ಲಿದ್ದವು. ಹೊಲಿಗೆಯಕ್ಕ ಮೂರು ಅಳತೆಯವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದರು. ತೀರ ಚಿಕ್ಕದು ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತಂಗಿ ಯಾವುದನ್ನೂ ಮುಟ್ಟದೆ ನೋಡಿದರು.

"ಅವಳಿಗೆ ಯಾವುದು ಆಗ್ತಿತ್ತು?"

ಹೊಲಿಗೆಯಕ್ಕ ದೊಡ್ಡ ಅಳತೆಯದರ ಮೇಲೆ ಬೆರಳಿಟ್ಟರು. ತಂಗಿ ಅದನ್ನು ಎತ್ತಿಕೊಂಡರು. ಕತ್ತು, ತೋಳು, ಪಕ್ಕದ ಲಾಡಿ ಎಲ್ಲವನ್ನೂ ಸವರಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಉಲ್ಟಾ ಹೊಲಿದಿದ್ದೀಯಲ್ಲ."

"ಉಲ್ಟಾ ಅಲ್ಲ. ಹೊಲಿಗೆಯ ಗೆರೆ ಮೈಗೆ ಒತ್ತಬಾರದು ಅಂತ ಹೊರಗಡೆ ಬಿಟ್ಟಿದ್ದೀನಿ."

ತಂಗಿ ಸ್ಟೂಲಿನ ಮೇಲೆ ಕೂತು, ಅಂಗಿಯನ್ನು ಮುಖಕ್ಕೊತ್ತಿಕೊಂಡು ಅತ್ತರು. ಅಕ್ಕನ ಎದುರು ಅವರು ಅತ್ತದ್ದು ಮೂವತ್ತೊಂದು ವರ್ಷಗಳಲ್ಲಿ ಅದೇ ಮೊದಲು. ಹೊಲಿಗೆಯಕ್ಕ ಹತ್ತಿರ ಹೋಗಿ ನಿಂತರು. ತಲೆ ಸವರಲು ಎತ್ತಿದ ಕೈ ನಡುವೆಯೇ ನಿಂತಿತು. ತಂಗಿಯೇ ಆ ಕೈಯನ್ನು ಹಿಡಿದುಕೊಂಡರು.

"ಹೋಗುವಾಗ ಆ ಅಂಗಿ ತಗೊಂಡು ಹೋದ್ಲು," ಎಂದು ಹೊಲಿಗೆಯಕ್ಕ ಹೇಳುತ್ತಾರೆ. "ಗೊಂಬೆಗೆ ಹಾಕು ಅಂತಾಳೇನೋ ಅನ್ಕೊಂಡಿದ್ದೆ. ಇಲ್ಲ. ಅದು ಗೊಂಬೇದಲ್ಲ ಅಂತ ಅವಳಿಗೆ ಗೊತ್ತು. ಮಡಚಿ ತನ್ನ ಬಟ್ಟೆ ಜೊತೆ ಇಟ್ಕೊಂಡಿದ್ದಾಳಂತೆ." ದಾರದ ಉಂಡೆಯನ್ನು ಸುತ್ತುತ್ತ ಮುಂದುವರಿಸುತ್ತಾರೆ. "ಕ್ಷಮಿಸಿದ್ದೀನಿ ಅಂತ ಅವಳು ಹೇಳಿಲ್ಲ. ನಾನೂ ಕೇಳಿಲ್ಲ. ಕೇಳೋದು ತಪ್ಪಾಗುತ್ತೆ. ಅವಳು ಬೆಳಿಗ್ಗೆ ಚಹಾಕ್ಕೆ ಬರ್ತಾಳೆ. ಕೆಲವು ದಿನ ಮಾತಾಡ್ತಾಳೆ, ಕೆಲವು ದಿನ ಇಲ್ಲ."

ರಜೆ ಮುಗಿಯುವ ಹೊತ್ತಿಗೆ ದೊಡ್ಡಕ್ಕನ ಮುಖ ಒಣಗಿದೆ. ಕೆನ್ನೆಯ ಬಣ್ಣ ಎಷ್ಟು ಬೆರೆಸಿದರೂ ಹಳೆಯದಕ್ಕೆ ಹೊಂದಲಿಲ್ಲ. ಹಣೆಯಿಂದ ಇಳಿಯುವ ಗೆರೆ ಸ್ವಲ್ಪ ಬಿಳಿಚಿಕೊಂಡು ಕಾಣುತ್ತದೆ. ಇನ್ನೊಂದು ಸಲ ಬಣ್ಣ ಹಚ್ಚುವುದೋ ಬೇಡವೋ ಎಂದು ಕೇಳಿದಾಗ ತಂಗಿ, "ಸಾಕು ಬಿಡು, ಅವಳ ವಯಸ್ಸಿಗೆ ಇದೇ ಹೆಚ್ಚು," ಎಂದರಂತೆ. ಈ ಚಳಿಗಾಲದಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಸೋಮವಾರ ಹೊಲಿಗೆ ಕೋಣೆಯ ಬೀಗ ತೆಗೆಯುತ್ತಾರೆ. ಮೂರು ವಾರದ ಹರಿದ ಬಟ್ಟೆ ರಾಶಿ ಬಿದ್ದಿರುತ್ತದೆ ಎಂದು ಹೊಲಿಗೆಯಕ್ಕ ಈಗಲೇ ಕತ್ತರಿಗೆ ಸಾಣೆ ಹಿಡಿಸಿ ತಂದಿದ್ದಾರೆ. ನಿವೃತ್ತಿಗೆ ಇನ್ನು ಎರಡು ವರ್ಷ. ಆಮೇಲೆ ಆ ಮೂರು ಅಳತೆಯನ್ನು ಯಾರು ಹೊಲಿಯುತ್ತಾರೆ ಎಂಬುದೊಂದೇ ಅವರ ಚಿಂತೆ. ಆಸ್ಪತ್ರೆಯಲ್ಲಿ ಪ್ರತಿ ವರ್ಷ ಹೊಲಿಗೆ ಕೋಣೆಯ ಕೆಲಸಗಳ ಪಟ್ಟಿ ಅಚ್ಚಾಗುತ್ತದೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಗೌನು, ಪರದೆ, ಕೊನೆಗೆ ನೆಲ ಒರೆಸುವ ಬಟ್ಟೆಗೂ ಅದರಲ್ಲಿ ಜಾಗವಿದೆ. ಇದಕ್ಕಿಲ್ಲ.

"ಒಂದು ಸಾಲು ಸೇರಿಸಿದ್ರೆ ಸಾಕು ನನಗೆ. ಪಟ್ಟೀಲಿದ್ರೆ ನಾಳೆ ಬರೋಳು ಹೊಲೀತಾಳೆ. ಇಲ್ಲದಿದ್ರೆ ಆ ದಾದಿ ಮತ್ತೆ ಬಾಗಿಲಲ್ಲಿ ನಿಂತ್ಕೋಬೇಕಾಗುತ್ತೆ."

ಆ ಸಾಲಿನಲ್ಲಿ ಏನೆಂದು ಬರೆಯಬೇಕು? ಸತ್ತು ಹುಟ್ಟಿದ ಶಿಶುಗಳಿಗೆ ಎಂದೇ?

ಹೊಲಿಗೆಯಕ್ಕ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ.

"ಮಗುವಿನ ಅಂಗಿ ಅಂತ ಬರೀಲಿ. ಅಷ್ಟೇ. ಬೇರೆ ಏನೂ ಸೇರಿಸೋದು ಬೇಡ."